ಹಳೇ ಸೈಕಲ್ ಕ್ಲಬ್ಬಿನ ಅಧ್ಯಕ್ಷಗಿರಿ ನನ್ನ ತಲೆಗೆ ಕಟ್ಟುತ್ತಿದ್ದಾರೆ. ಒಪ್ಪಿಕೊಳ್ಳಲಾ, ಬೇಡವಾ?

ಹದಿನೆಂಟನೇ ಕ್ರಾಸ್
ಮಲ್ಲೇಶ್ವರದ ಕಡೆಯ ಹಳೇ ಸೈಕಲ್ ಕ್ಲಬ್ ನಮ್ಮದು. ಹೆಸರು ಬೇಡ, ಗೊತ್ತಿರುವವರಿಗೆ ಗೊತ್ತಾಗುತ್ತದೆ. ಎಂಬತ್ತರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಕಡೆ ಡ್ಯೂಟಿಗೆ ಸೈಕಲ್ ತುಳಿಯುತ್ತಿದ್ದ ಕೆಲವರು ಮತ್ತು ಒಬ್ಬ ಹೈಸ್ಕೂಲ್ ಮೇಷ್ಟ್ರು ಸೇರಿ ಶುರು ಮಾಡಿದ್ದು. ಅವತ್ತಿನಿಂದ ಇವತ್ತಿನವರೆಗೂ ಮೇಷ್ಟ್ರೇ ಅಧ್ಯಕ್ಷರು. ಕಾರ್ಯದರ್ಶಿ ಅಂತ ಬೇರೆಯವರ ಹೆಸರಿದೆ, ಕೆಲಸ ಇವರದೇ. ಲೆಕ್ಕವೂ ಇವರ ಹತ್ತಿರವೇ.

ಈಗ ಅವರಿಗೆ ಮಂಡಿ ನೋವು. ಹೋದ ಭಾನುವಾರ ತಿಂಡಿ ತಿನ್ನುತ್ತಾ ಎಲ್ಲರ ಎದುರಿಗೆ "ಇನ್ಮೇಲೆ ಎಲ್ಲಾ ಇವನೇ ನೋಡ್ಕೋತಾನೆ" ಅಂದುಬಿಟ್ಟರು. ಎಲ್ಲರೂ ಚಪ್ಪಾಳೆ ಹೊಡೆದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ನನಗೆ ಕ್ಲಬ್ ಅಂದರೆ ಪ್ರೀತಿ ಇದೆ. ಆದರೆ ಆಫೀಸು, ಮನೆ, ಎರಡು ಮಕ್ಕಳು. ಪಟ್ಟಿಯಲ್ಲಿ ನೂರು ಚಿಲ್ಲರೆ ಸದಸ್ಯರು, ಭಾನುವಾರ ಬೆಳಗ್ಗೆ ಬರುವವರು ಹದಿನೈದು ಇಪ್ಪತ್ತು. ಅದರಲ್ಲೂ ಎರಡು ಪಂಗಡ. ಹಳಬರದು ನಿಧಾನ, ಹೊಸಬರಿಗೆ ಸ್ಟ್ರಾವಾ ಆ್ಯಪ್ ತೋರಿಸುವ ವೇಗದ ನಂಬರ್ ಮುಖ್ಯ. ಮೂರು ವಾಟ್ಸಾಪ್ ಗುಂಪು. ಕ್ಲಬ್ಬಿನ ಇಡೀ ಚರಿತ್ರೆ ಮೇಷ್ಟ್ರ ಒಂದು ಉದ್ದ ನೋಟ್ ಪುಸ್ತಕದಲ್ಲಿದೆ. ಅದರಲ್ಲಿ ಆರಂಕಿಯ ಫೋನ್ ನಂಬರ್‌ಗಳು ಇನ್ನೂ ಹಾಗೇ ಇವೆ. ಪ್ರತಿ ಹೆಸರಿನ ಪಕ್ಕ ಕೆಂಪು ಇಂಕಿನಲ್ಲಿ ರಕ್ತದ ಗುಂಪು ಬರೆದಿದ್ದಾರೆ.

ಇಂಥ ಜವಾಬ್ದಾರಿ ಯಾರಾದರೂ ತಗೊಂಡಿದ್ದೀರಾ? ಒಪ್ಪಿಕೊಂಡರೆ ಮೊದಲು ಏನು ಮಾಡಬೇಕು?

ಬೆಣ್ಣೆ ದೋಸೆ
ಮೊದಲು ತಿಂಡಿ ಹೋಟೆಲ್ ಬದಲಾಯಿಸಬಾರದು. ಮಿಕ್ಕಿದ್ದು ಆಮೇಲೆ ನೋಡಿಕೊಳ್ಳಬಹುದು.

ಗೇರಿಲ್ಲದ ಗುರು
ಓಡಿ ಹೋಗಿ ಸಾರ್. ನಿಜವಾಗಲೂ ಹೇಳುತ್ತಿದ್ದೇನೆ. ನಮ್ಮ ಬಡಾವಣೆ ಕ್ಷೇಮಾಭಿವೃದ್ಧಿ ಸಂಘದಲ್ಲಿ ಹೀಗೇ ಚಪ್ಪಾಳೆ ಹೊಡೆದು ಒಬ್ಬರನ್ನು ಕೂರಿಸಿದರು. ಈಗ ಅವರು ವಾಕಿಂಗ್‌ಗೂ ಬೇರೆ ರಸ್ತೆಯಲ್ಲಿ ಹೋಗುತ್ತಾರೆ.

ಲೆಕ್ಕಪತ್ರ
ಹೌದು ಅಥವಾ ಇಲ್ಲ ಅನ್ನುವುದಕ್ಕೆ ಮುಂಚೆ ಒಂದು ಪ್ರಶ್ನೆ. ಕ್ಲಬ್ ನೋಂದಣಿ ಆಗಿದೆಯಾ? ಆಗಿದ್ದರೆ ಯಾವ ಕಾಯ್ದೆಯಲ್ಲಿ? ಬ್ಯಾಂಕ್ ಖಾತೆ ಯಾರ ಸಹಿಯಲ್ಲಿದೆ?

ಹದಿನೆಂಟನೇ ಕ್ರಾಸ್
ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960 ಅಂತ ಸರ್ಟಿಫಿಕೇಟ್ ಇದೆ ಮೇಡಂ. ಫ್ರೇಮ್ ಹಾಕಿಸಿ ಮೇಷ್ಟ್ರ ಹಾಲ್‌ನಲ್ಲಿ ತೂಗುಹಾಕಿದ್ದಾರೆ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಬೇಕು. ಒಂದು ಮೇಷ್ಟ್ರದು. ಇನ್ನೊಬ್ಬರು ಕೋವಿಡ್ ಸಮಯದಲ್ಲಿ ತೀರಿಕೊಂಡರು.

ಲೆಕ್ಕಪತ್ರ
ಹಾಗಾದರೆ ನಿಮ್ಮ ಮೊದಲ ಕೆಲಸ ಸೈಕಲ್‌ದಲ್ಲ, ಕಾಗದದ್ದು. ನಾನು ಇಂಥ ಸಣ್ಣ ಸಂಘಗಳ ಲೆಕ್ಕ ನೋಡುವವಳು. ಹೆಚ್ಚಿನವುಗಳ ಕತೆ ಇದೇ.

ಆ ಕಾಯ್ದೆ ಪ್ರಕಾರ ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಯಬೇಕು. ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಜಮಾ ಖರ್ಚು ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಎಷ್ಟು ವರ್ಷದಿಂದ ಹೋಗಿಲ್ಲ ಅಂತ ಮೊದಲು ಕೇಳಿ. ಬಾಕಿ ಇದ್ದರೆ ದಂಡ ಕಟ್ಟಿ ಸರಿ ಮಾಡಿಕೊಳ್ಳಬಹುದು, ಗಾಬರಿ ಬೇಡ. ಆದರೆ ನೀವು ಅಧ್ಯಕ್ಷರಾಗಿ ಸಹಿ ಹಾಕಿದ ಮೇಲೆ ಆ ಬಾಕಿ ವಿವರಿಸುವ ಕೆಲಸ ನಿಮ್ಮದು. ಹಳೇ ಸೈಟ್ ಕೊಳ್ಳುವಾಗ ಖಾತೆ, ಇಸಿ ತೆಗೆಸಿ ನೋಡುತ್ತೇವಲ್ಲ, ಹಾಗೆ ನೋಡಿ.

ಇನ್ನೊಂದು, ತಿಂಡಿ ಟೇಬಲ್ಲಿನ ಚಪ್ಪಾಳೆಯಿಂದ ಯಾರೂ ಅಧ್ಯಕ್ಷರಾಗುವುದಿಲ್ಲ. ಬೈಲಾದಲ್ಲಿ, ಅಂದರೆ ಸಂಘದ ಸ್ವಂತ ನಿಯಮಗಳಲ್ಲಿ, ಆಯ್ಕೆ ಹೇಗೆ ಅಂತ ಇರುತ್ತದೆ. ನೋಟಿಸ್ ಎಷ್ಟು ದಿನ ಮುಂಚೆ, ಕೋರಂ ಎಷ್ಟು, ಎಲ್ಲಾ ಅಲ್ಲೇ ಇದೆ. ಅದರ ಪ್ರಕಾರ ಸಭೆ ಕರೆದು, ನಡವಳಿ ಬರೆದು, ಠರಾವು ಮಾಡಿ. ಬ್ಯಾಂಕಿನವರು ಸಹಿ ಬದಲಾಯಿಸಲು ಕೇಳುವುದೇ ಆ ಠರಾವನ್ನು.

ಕಾರ್ಬನ್ ಕುಮಾರ
ಹದಿನೈದು ಜನ ಸೈಕಲ್ ತುಳಿಯೋಕೆ ಇಷ್ಟೆಲ್ಲಾ ಬೇಕಾ? ಸಂಘ ಮುಚ್ಚಿ. ವಾಟ್ಸಾಪ್ ಗುಂಪು ಸಾಕು. ಬೆಳಗ್ಗೆ 5:30ಕ್ಕೆ ಲೊಕೇಶನ್ ಹಾಕಿ, ಬರುವವರು ಬರುತ್ತಾರೆ. ನಾವು ನಂದಿಗೆ ಹೋಗುವುದು ಹಾಗೇ. ಅಧ್ಯಕ್ಷರೂ ಇಲ್ಲ, ಖಜಾಂಚಿಯೂ ಇಲ್ಲ.

ಪೀಣ್ಯ ಪಂಕ್ಚರ್
ಯಾರಾದರೂ ಬಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವರೂ ಇಲ್ಲ, ಅಲ್ವಾ?

ಕಾರ್ಬನ್ ಕುಮಾರ
ಸುಮ್ನೆ ಮಾತಾಡಬೇಡಿ. ನಮ್ಮ ಗುಂಪಿನಲ್ಲಿ ಯಾರನ್ನೂ ಬಿಟ್ಟು ಬಂದಿಲ್ಲ.

ಲೆಕ್ಕಪತ್ರ
ಮುಚ್ಚುವುದೂ ಸುಲಭ ಇಲ್ಲ ಕುಮಾರ್. ಸಂಘ ವಿಸರ್ಜನೆಗೂ ಸಭೆ, ಬಹುಮತ, ಕಾಗದ ಎಲ್ಲಾ ಬೇಕು. ಖಾತೆಯಲ್ಲಿ ಉಳಿದ ದುಡ್ಡನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಖಾತೆಯನ್ನು ಸುಮ್ಮನೆ ಬಿಟ್ಟರೆ ಎರಡು ವರ್ಷ ವ್ಯವಹಾರ ಇಲ್ಲದಿದ್ದಾಗ ನಿಷ್ಕ್ರಿಯ ಆಗುತ್ತದೆ. ಹತ್ತು ವರ್ಷ ಕಳೆದರೆ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾಪಸ್ ಕೇಳಬಹುದು, ಆದರೆ ಆಗಲೂ "ಸಂಘದ ಪರವಾಗಿ ಸಹಿ ಯಾರದು" ಅನ್ನುವ ಪ್ರಶ್ನೆ ಬರುತ್ತದೆ. ತಿರುಗಿ ಅಲ್ಲಿಗೇ ಬಂದಿರಿ.

ಒಳಪೆಡ್ಲು
ನನಗೆ ಆ ಮೇಷ್ಟ್ರು ಯಾರು ಅಂತ ಗೊತ್ತಾಯಿತು ಅನಿಸುತ್ತದೆ, ಹೇಳುವುದಿಲ್ಲ. ಅವರ ಹತ್ತಿರ ಒಂದು ತಗಡಿನ ಪೆಟ್ಟಿಗೆ ಇತ್ತಲ್ವಾ? ಅದರಲ್ಲಿ ಕೋನ್ ಸ್ಪ್ಯಾನರ್, ಉಜ್ಜುವ ಅರ, ಸಲ್ಯೂಶನ್ ಟ್ಯೂಬು, ಹಳೇ ಟ್ಯೂಬನ್ನು ಕಾಸಿನಗಲ ಕತ್ತರಿಸಿ ಇಟ್ಟ ಪ್ಯಾಚುಗಳು. ಯಾರದು ಪಂಕ್ಚರ್ ಆದರೂ ಎಲ್ಲರೂ ನಿಲ್ಲಬೇಕು. ರಸ್ತೆ ಬದಿಯಲ್ಲಿ ಕೂತು, ಟ್ಯೂಬನ್ನು ಕೆನ್ನೆಗೆ ಹಿಡಿದು ಗಾಳಿ ಎಲ್ಲಿಂದ ಬರುತ್ತದೆ ಅಂತ ನೋಡುತ್ತಿದ್ದರು. ನೀರಿನ ಬೋಗುಣಿ ಕೇಳುತ್ತಲೇ ಇರಲಿಲ್ಲ.

ಆಗ ನಮಗೆ ಸ್ವಂತ ಸೈಕಲ್ ಇರಲಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ತರುತ್ತಿದ್ದೆವು. ಅಂಗಡಿಯವನು ಕೈಗಡಿಯಾರ ನೋಡಿ ಸ್ಲೇಟಿನ ಮೇಲೆ ಬರೆದುಕೊಳ್ಳುತ್ತಿದ್ದ. ಐದು ನಿಮಿಷ ಲೇಟಾದರೂ ಇನ್ನರ್ಧ ಗಂಟೆ ದುಡ್ಡು. ಸಂಜೆ ಲೈಟ್ ಇಲ್ಲದೆ ಹೊರಟರೆ ಪೊಲೀಸಪ್ಪ ಹಿಡಿದು ಗಾಳಿ ಬಿಡುತ್ತಿದ್ದ. ಬಾಡಿಗೆ ಸೈಕಲ್ ತಳ್ಳಿಕೊಂಡು ಬರುವಷ್ಟರಲ್ಲಿ ಇನ್ನೊಂದು ಗಂಟೆ ಏರುತ್ತಿತ್ತು.

ಬೆಣ್ಣೆ ದೋಸೆ
ತ್ರಿಬ್ಬಲ್ಸ್ ಹೊಡೆದರೂ ಗಾಳಿ ಬಿಡುತ್ತಿದ್ದರು. ಬಾರ್ ಮೇಲೊಬ್ಬ, ಕ್ಯಾರಿಯರ್ ಮೇಲೊಬ್ಬ. ಇಳಿದು ಓಡುವವನು ಯಾವಾಗಲೂ ಕ್ಯಾರಿಯರ್‌ನವನೇ.

ಒಳಪೆಡ್ಲು
ನಮ್ಮಪ್ಪನ ಅಟ್ಲಾಸ್ ಇವತ್ತಿಗೂ ಇದೆ. ಆ ಕಂಪನಿ ಸಾಹಿಬಾಬಾದ್ ಕಾರ್ಖಾನೆ ನಿಲ್ಲಿಸಿದ್ದು 2020ರ ಜೂನ್ 3ಕ್ಕೆ. ವಿಶ್ವ ಸೈಕಲ್ ದಿನದಂದೇ! ಪೇಪರಿನಲ್ಲಿ ಓದಿ ಎರಡು ದಿನ ಮನಸ್ಸು ಸರಿ ಇರಲಿಲ್ಲ.

ಹೆಸರಘಟ್ಟ ರಸ್ತೆ
ಅಟ್ಲಾಸ್ ಕತೆ ಚೆನ್ನಾಗಿದೆ, ಆದರೆ ಅವರು ಕೇಳಿದ್ದು ಬೇರೆ. ನಾನು ಇನ್ನೊಂದು ಕ್ಲಬ್ಬಿನಲ್ಲಿ ರೈಡ್ ಕ್ಯಾಪ್ಟನ್ ಆಗಿದ್ದವಳು. ನೇರವಾಗಿ ಹೇಳುತ್ತೇನೆ.

ಅಧ್ಯಕ್ಷರ ಕೆಲಸ ಬೇರೆ, ಭಾನುವಾರದ ರೈಡ್ ನಡೆಸುವ ಕೆಲಸ ಬೇರೆ. ಎರಡನ್ನೂ ಒಬ್ಬರೇ ಹೊತ್ತುಕೊಂಡರೆ ಆರು ತಿಂಗಳಿಗೆ ಸೈಕಲ್ ನೋಡಿದರೇ ಬೇಜಾರಾಗುತ್ತದೆ. ಮೇಷ್ಟ್ರು ನಿವೃತ್ತರು, ಟೈಮ್ ಇತ್ತು. ನಿಮಗಿಲ್ಲ. ಹಾಗಾಗಿ ರೈಡ್‌ಗೆ ಬೇರೆ ಕ್ಯಾಪ್ಟನ್, ಲೆಕ್ಕಕ್ಕೆ ಬೇರೆ ಖಜಾಂಚಿ. ಇದನ್ನು ಷರತ್ತಾಗಿಯೇ ಇಡಿ. ಆ ಇಬ್ಬರು ಸಿಗದಿದ್ದರೆ ಒಪ್ಪಿಕೊಳ್ಳಬೇಡಿ.

ಹಳಬರು ಹೊಸಬರ ಜಗಳದ ಬಗ್ಗೆ: ಅದು ವಯಸ್ಸಿನ ಜಗಳ ಅಲ್ಲ, ಕಾಯುವ ಜಗಳ. ವೇಗದವರಿಗೆ ಕಾದು ಕಾದು ಮೈ ತಣ್ಣಗಾಗುತ್ತದೆ. ನಿಧಾನದವರು ಬಂದು ಮುಟ್ಟುವ ಹೊತ್ತಿಗೆ ಇವರು ಮತ್ತೆ ಹೊರಟಿರುತ್ತಾರೆ. ಅಂದರೆ ಯಾರಿಗೆ ವಿಶ್ರಾಂತಿ ಜಾಸ್ತಿ ಬೇಕೋ ಅವರಿಗೇ ಸಿಗುವುದಿಲ್ಲ! ನಾವು ಮಾಡಿದ್ದು ಇಷ್ಟೇ. ಎಲ್ಲರೂ ಒಟ್ಟಿಗೆ ಹೊರಡುವುದು, ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ತಿರುಗಿ ಚಿಕ್ಕಬಾಣಾವರ ದಾಟುವವರೆಗೂ ಒಂದೇ ಗುಂಪು, ಯಾಕೆಂದರೆ ಟ್ರಾಫಿಕ್ ಇರುವುದು ಅಲ್ಲೇ. ಆಮೇಲೆ ಬೇಕಾದವರು ಬಿಟ್ಟು ಹೊಡೆಯಲಿ. ವೇಗದವರ ದಾರಿ ಹದಿನೈದು ಕಿಲೋಮೀಟರ್ ಉದ್ದ, ನಿಧಾನದವರದು ಚಿಕ್ಕದು. ತಿಂಡಿಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸೇರುತ್ತಾರೆ. ಕೊನೆಯಲ್ಲಿ ಒಬ್ಬ ಗಟ್ಟಿ ಸವಾರ ಇರಲೇಬೇಕು, ಅವನ ಹಿಂದೆ ನಮ್ಮವರು ಯಾರೂ ಇರಬಾರದು. ಆ ಪಾಳಿ ತಿಂಗಳು ತಿಂಗಳು ಬದಲಾಗಬೇಕು. ಅತಿ ವೇಗದವರಿಗೂ ಬರಬೇಕು.

ಕಾರ್ಬನ್ ಕುಮಾರ
ಕೊನೆಯಲ್ಲಿ ಬರುವ ಪಾಳಿ ನನಗೆ ಹಾಕಿದರೆ ನಾನು ಆ ವಾರ ಜ್ವರ ಅಂತ ಹೇಳುತ್ತೇನೆ.

ಹೆಸರಘಟ್ಟ ರಸ್ತೆ
ಗೊತ್ತು. ಅದಕ್ಕೇ ಪಾಳಿ ಪಟ್ಟಿ ಗುಂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುವುದು 😊

ವಿಜಾಪುರದವ
ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಹುಡುಗರು ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಾರ್ರೀ. ಬೆಂಗಳೂರಾಗ ನೀವು ತಿಂಡಿಗೆ ಯಾವ ಹೋಟೆಲ್ ಅಂತ ಚರ್ಚೆ ಮಾಡಾಕತ್ತೀರಿ.

ಬೆಣ್ಣೆ ದೋಸೆ
ಅಣ್ಣಾ, ಪದಕ ನೀವು ತನ್ನಿ, ದೋಸೆ ನಾವು ಕೊಡಿಸುತ್ತೇವೆ.

ವಿಜಾಪುರದವ
ನಗೋ ಮಾತಲ್ಲ. ನಿಮ್ಮ ಕ್ಲಬ್ಬಿನಾಗ ಹದಿನೈದು ವರ್ಷದ ಒಬ್ಬ ಹುಡುಗನಾದರೂ ಇದ್ದಾನಾ? ಇಲ್ಲಂದರ ಇನ್ನು ಹತ್ತು ವರ್ಷಕ್ಕ ಇದೇ ಪ್ರಶ್ನೆ ಇವರೂ ಕೇಳಬೇಕಾಗತೈತಿ, ಆಗ ಚಪ್ಪಾಳೆ ಹೊಡೆಯಾಕೂ ಮಂದಿ ಇರಂಗಿಲ್ಲ.

ಹದಿನೆಂಟನೇ ಕ್ರಾಸ್
ಈ ಮಾತು ನಾಟಿತು ಸಾರ್. ಬರುವವರಲ್ಲಿ ಅತಿ ಚಿಕ್ಕವನಿಗೆ ಮೂವತ್ತರ ಮೇಲೆ. ಮಕ್ಕಳನ್ನು ಕರೆತಂದರೆ ಜವಾಬ್ದಾರಿ ಯಾರದು ಅಂತ ಹೆದರಿಕೆ.

ಲೆಕ್ಕಪತ್ರ
ಹದಿನೆಂಟು ತುಂಬದವರಿಗೆ ಅಪ್ಪ ಅಮ್ಮನ ಲಿಖಿತ ಒಪ್ಪಿಗೆ ತಗೊಳ್ಳಿ. ಎಲ್ಲರ ಹೆಸರಿನಲ್ಲೂ ಗುಂಪು ಅಪಘಾತ ವಿಮೆ ಮಾಡಿಸಿ, ಸಂಘ ನೋಂದಣಿ ಆಗಿದ್ದರೆ ವಿಮೆಯವರ ಹತ್ತಿರ ಮಾತಾಡಲು ಅನುಕೂಲ. ಇದಕ್ಕೂ ಆ ಫ್ರೇಮಿನೊಳಗಿನ ಕಾಗದ ಬೇಕು ನೋಡಿ.

ಪೀಣ್ಯ ಪಂಕ್ಚರ್
ಅಪಘಾತದ ಮಾತು ಬಂತಲ್ಲ, ಹೇಳಲೇಬೇಕು. ದೇವನಹಳ್ಳಿ ರಸ್ತೆಯಲ್ಲಿ ನಮ್ಮ ಜೊತೆಯವರೊಬ್ಬರು ಬಿದ್ದರು. ಕತ್ತಲೆ ಇನ್ನೂ ಹರಿದಿರಲಿಲ್ಲ. ಹಿಂದಿನಿಂದ ಬಂದ ಕಾರು ನಿಲ್ಲಲೂ ಇಲ್ಲ. ನಾವು ಆರು ಜನ ಇದ್ದೆವು, ಒಬ್ಬರಿಗೂ ಅವರ ಮನೆಯವರ ನಂಬರ್ ಗೊತ್ತಿಲ್ಲ. ಅವರ ಫೋನ್ ಲಾಕ್. ಹೆಲ್ಮೆಟ್ ಸೀಳಿತ್ತು, ತಲೆ ಉಳಿಯಿತು. 108ಕ್ಕೆ ಫೋನ್ ಮಾಡಿದ್ದು ರಸ್ತೆ ಬದಿ ಟೀ ಮಾರುತ್ತಿದ್ದ ಹೆಂಗಸು, ನಾವಲ್ಲ. ನಾವು ಸೈಕಲ್ ಎತ್ತಿ ಬದಿಗಿಡುತ್ತಿದ್ದೆವು!

ಆ ಮೇಷ್ಟ್ರು ರಕ್ತದ ಗುಂಪು ಕೆಂಪು ಇಂಕಿನಲ್ಲಿ ಬರೆದಿದ್ದಾರೆ ಅಂತ ಓದಿದಾಗ ಮೈ ಜುಮ್ ಅಂತು. ಯಾವ ಆ್ಯಪೂ ಇಲ್ಲದ ಕಾಲದಲ್ಲಿ ಅವರಿಗೆ ಅದು ಹೊಳೆದಿತ್ತು. ಅದನ್ನು ಎಸೆಯಬೇಡಿ. ಈಗಿನ ನಂಬರ್ ಹಾಕಿ, ಮನೆಯವರ ನಂಬರ್ ಸೇರಿಸಿ, ಪ್ರತಿಯೊಬ್ಬರೂ ಹ್ಯಾಂಡಲ್ ಕೆಳಗೋ ಜೇಬಲ್ಲೋ ಚೀಟಿ ಇಟ್ಟುಕೊಳ್ಳಲಿ.

ಗೇರಿಲ್ಲದ ಗುರು
ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಸ್ಟೇಷನ್ ಅಲೆದಾಟ ಅಂತ ಜನ ಹೆದರುವುದೇ ಜಾಸ್ತಿ.

ಲೆಕ್ಕಪತ್ರ
ಆ ಭಯ ಬೇಡ. ಕರ್ನಾಟಕದಲ್ಲಿ ಇದಕ್ಕೆ 2016ರ ಕಾಯ್ದೆಯೇ ಇದೆ. ಮೋಟಾರು ವಾಹನ ಕಾಯ್ದೆಗೂ 2019ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಗಾಯಾಳುವಿಗೆ ಸಹಾಯ ಮಾಡಿದವರು ಹೆಸರು ಹೇಳಲೇಬೇಕೆಂಬ ಬಲವಂತ ಇಲ್ಲ. ಕ್ಲಬ್ಬಿನ ಸಭೆಯಲ್ಲಿ ಇದನ್ನು ಒಮ್ಮೆ ಓದಿ ಹೇಳಿ.

ಕಾರ್ಬನ್ ಕುಮಾರ
ಹೆಲ್ಮೆಟ್ ಇಲ್ಲದವರಿಗೆ ರೈಡ್ ಇಲ್ಲ. ಈ ಒಂದು ನಿಯಮಕ್ಕೆ ನನ್ನ ಪೂರ್ತಿ ಬೆಂಬಲ.

ಒಳಪೆಡ್ಲು
ನಲವತ್ತು ವರ್ಷ ಟವೆಲ್ ಸುತ್ತಿಕೊಂಡು ಹೆಸರಘಟ್ಟಕ್ಕೆ ಹೋಗಿದ್ದೇವೆ ಕಣಯ್ಯ.

ಕಾರ್ಬನ್ ಕುಮಾರ
ಆಗ ಹೆಸರಘಟ್ಟ ರಸ್ತೆಯಲ್ಲಿ ಎತ್ತಿನ ಗಾಡಿ ಇತ್ತು ಸಾರ್. ಈಗ ಟಿಪ್ಪರ್ ಲಾರಿ.

ಒಳಪೆಡ್ಲು
ಅದೂ ಸರಿ. ಮೊಮ್ಮಗಳೂ ಇದನ್ನೇ ಹೇಳುತ್ತಾಳೆ. ಒಂದು ಕೊಂಡುಕೊಟ್ಟಿದ್ದಾಳೆ, ಕಪಾಟಿನಲ್ಲಿದೆ.

ಬಿಳಿ ಪಟ್ಟೆ
ಎಲ್ಲರೂ ಒಳಗಿನ ವಿಷಯವನ್ನೇ ಹೇಳುತ್ತಿದ್ದೀರಿ. ಇಷ್ಟು ಹಳೇ ಕ್ಲಬ್ ಊರಿನ ವಿಷಯದಲ್ಲಿ ಬಾಯಿ ಬಿಡಬೇಕಲ್ವಾ? 2013ರಲ್ಲಿ ಸೈಕಲ್ ದಿನ ಶುರುವಾದಾಗ ಕಬ್ಬನ್ ಪಾರ್ಕ್ ಹತ್ತಿರ ಎಷ್ಟು ಜನ ಇದ್ದರು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಸೈಕಲ್ ಪಥ ಹಾಕಿದರು. ಮೆಟ್ರೋ ಕೆಲಸ ಬಂತು, ಪಥ ಮಾಯ. ಕೇಳುವವರು ಯಾರು? ಈಗ ಪಾಲಿಕೆ ಒಂದಲ್ಲ, ಐದು. ನಿಮ್ಮ ಲೆಟರ್‌ಹೆಡ್‌ಗೆ ಬೆಲೆ ಇದೆ. ಹೊಸ ಅಧ್ಯಕ್ಷರು ಮೊದಲ ಪತ್ರ ಅಲ್ಲಿಗೆ ಬರೆಯಲಿ.

ಗೇರಿಲ್ಲದ ಗುರು
ಪಥ ಇದ್ದಾಗಲೂ ಅದರಲ್ಲಿ ಹೋಗುತ್ತಿದ್ದದ್ದು ಬೈಕ್‌ಗಳು, ಪಾನಿಪುರಿ ಗಾಡಿಗಳು. ಪತ್ರ ಬರೆದರೆ ಸ್ವೀಕೃತಿ ಮುದ್ರೆ ಸಿಗುತ್ತದೆ.

ಬಿಳಿ ಪಟ್ಟೆ
ಹೀಗೆ ಅಂದುಕೊಂಡೇ ಎಲ್ಲಾ ಹೋಯಿತು.

ಹೆಸರಘಟ್ಟ ರಸ್ತೆ
ಪತ್ರ ಬರೆಯಲಿ, ಆದರೆ ಮೊದಲ ವರ್ಷವೇ ಬೇಡ. ಮನೆಯೊಳಗೆ ಕೋರಂ ಇಲ್ಲದವರು ಊರಿನ ಪರವಾಗಿ ಮಾತಾಡಿದರೆ ಯಾರೂ ಕೇಳುವುದಿಲ್ಲ. ಅದಕ್ಕಿಂತ ಮೊದಲು ಇನ್ನೊಂದು ಇದೆ. ನಿಮ್ಮ ಇಪ್ಪತ್ತು ಜನರಲ್ಲಿ ಹೆಂಗಸರು ಎಷ್ಟು?

ಹದಿನೆಂಟನೇ ಕ್ರಾಸ್
ಒಬ್ಬರು. ಅವರೂ ಗಂಡನ ಜೊತೆ ಬರುತ್ತಾರೆ.

ಹೆಸರಘಟ್ಟ ರಸ್ತೆ
"ಮಹಿಳಾ ವಿಭಾಗ" ಅಂತ ಬೋರ್ಡ್ ಹಾಕಿ ಸಂಚಾಲಕಿ ಅಂತ ನೇಮಿಸುವುದು ಮಾತ್ರ ಮಾಡಬೇಡಿ. ಹಿಂದಿನ ದಿನ ಸಂಜೆಯೇ ದಾರಿ ಪೂರ್ತಿ ತಿಳಿಸಿ. ಎಲ್ಲಿ ನಿಲ್ಲುತ್ತೀರಿ, ಅಲ್ಲಿ ಶೌಚಾಲಯ ಇದೆಯಾ, ವಾಪಸ್ ಎಷ್ಟು ಹೊತ್ತಿಗೆ. ಗಂಡಸರು ರಸ್ತೆ ಬದಿಯಲ್ಲಿ ಮುಗಿಸಿಕೊಳ್ಳುತ್ತೀರಿ, ನಿಮಗೆ ಹೊಳೆಯುವುದೇ ಇಲ್ಲ. ಕತ್ತಲೆಯಲ್ಲಿ ಮನೆಯಿಂದ ನೀವು ಸೇರುವ 18ನೇ ಕ್ರಾಸ್‌ವರೆಗೆ ಒಬ್ಬಳೇ ಬರಬೇಕಾದವಳಿಗೆ ಅದೇ ಬಡಾವಣೆಯ ಇನ್ನೊಬ್ಬ ಸದಸ್ಯರು ಯಾರು ಅಂತ ಗೊತ್ತಿದ್ದರೆ ಸಾಕು, ಬರುತ್ತಾಳೆ.

ಹದಿನೆಂಟನೇ ಕ್ರಾಸ್
ಬರೆದುಕೊಂಡೆ ಮೇಡಂ. ಒಂದು ವಿಷಯ ಯಾರೂ ಹೇಳಲಿಲ್ಲ. ಮೇಷ್ಟ್ರನ್ನು ಏನು ಮಾಡುವುದು? ಗೌರವಾಧ್ಯಕ್ಷರು ಅಂತ ಮಾಡೋಣ ಅಂತ ಕೆಲವರು ಹೇಳುತ್ತಿದ್ದಾರೆ.

ಗೇರಿಲ್ಲದ ಗುರು
ಬೇಡವೇ ಬೇಡ. ಗೌರವಾಧ್ಯಕ್ಷರು ಹಿಂದೆ ಕೂತು ಎಲ್ಲಾ ನಡೆಸುತ್ತಾರೆ. ನೀವು ಜೆರ್ಸಿ ಬಣ್ಣ ಬದಲಾಯಿಸಿದರೂ ಹಳಬರು ಅವರ ಮನೆಗೆ ದೂರು ಒಯ್ಯುತ್ತಾರೆ.

ಒಳಪೆಡ್ಲು
ಏನಪ್ಪಾ ಹೀಗಂತೀಯ? ಜೀವಮಾನ ಸವೆಸಿದ ಮನುಷ್ಯ. ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದು ಮನೆಗೆ ಕಳಿಸಿಬಿಡುವುದಾ?

ಗೇರಿಲ್ಲದ ಗುರು
ಗೌರವ ಬೇಡ ಅಂದೆನಾ? ಅಧಿಕಾರ ಎರಡು ಕಡೆ ಇರಬಾರದು ಅಂದೆ.

ಹೆಸರಘಟ್ಟ ರಸ್ತೆ
ಇಬ್ಬರೂ ಸರಿ. ಅವರಿಗೆ ಪದವಿ ಕೊಡಬೇಡಿ, ಕೆಲಸ ಕೊಡಿ. ನಲವತ್ತು ವರ್ಷದ ದಾರಿಗಳು ಅವರ ತಲೆಯಲ್ಲಿವೆ. ಯಾವ ಕೆರೆ ಏರಿ ಮೇಲೆ ಹೋದರೆ ಯಾವ ಹಳ್ಳಿ, ಎಲ್ಲಿ ನೆರಳು, ಎಲ್ಲಿ ನಾಯಿ ಕಾಟ. ಒಬ್ಬ ಹೊಸ ಸದಸ್ಯ ಅವರ ಜೊತೆ ಕೂತು ಒಂದೊಂದೇ ದಾರಿಯನ್ನು ಮ್ಯಾಪ್‌ಗೆ ಇಳಿಸಲಿ. ಅದಕ್ಕೇ ಒಂದು ವರ್ಷ ಹಿಡಿಯುತ್ತದೆ. ಜೊತೆಗೆ ಪಂಕ್ಚರ್ ಪಾಠ. ಈಗಿನ ಅರ್ಧ ಜನರಿಗೆ ಚೈನ್ ಹಾಕಲು ಬರುವುದಿಲ್ಲ.

ಪೀಣ್ಯ ಪಂಕ್ಚರ್
ಕಾರ್ಬನ್ ಕುಮಾರರೇ, ನಿಮಗೆ ಬರುತ್ತದಾ?

ಕಾರ್ಬನ್ ಕುಮಾರ
ನನ್ನದು ಟ್ಯೂಬ್‌ಲೆಸ್.

ಬೆಣ್ಣೆ ದೋಸೆ
ಕೇಳಿದ್ದು ಚೈನ್ ಗುರು 😂

ಲೆಕ್ಕಪತ್ರ
ಮೇಷ್ಟ್ರ ವಿಷಯದಲ್ಲೇ ಒಂದು ಸೂಕ್ಷ್ಮ ಇದೆ. ಒಬ್ಬರೇ ಇಷ್ಟು ವರ್ಷ ನಡೆಸಿದ ಸಂಘಗಳಲ್ಲಿ ಅವರು ಕೈಯಿಂದ ಹಾಕಿದ ದುಡ್ಡು ಇದ್ದೇ ಇರುತ್ತದೆ. ಹಾಲ್ ಬಾಡಿಗೆ, ಟ್ರೋಫಿ, ಬ್ಯಾನರ್. ಲೆಕ್ಕದಲ್ಲಿ ಬಂದಿರುವುದಿಲ್ಲ. ಅವರು ಕೇಳುವುದಿಲ್ಲ, ಸಂಕೋಚ. ಆದರೆ ಆಮೇಲೆ ಮನೆಯವರ ಬಾಯಲ್ಲಿ ಬರುತ್ತದೆ. ಚಾರ್ಜ್ ತಗೊಳ್ಳುವ ಮುಂಚೆ ಅವರ ಎದುರು ಕೂತು ಕೇಳಿ. ಕೊಡಬೇಕಾದ್ದಿದ್ದರೆ ಕೊಡುವ ಠರಾವು, ಬೇಡ ಅಂದರೆ ಬೇಡ ಅಂತ ಒಂದು ಸಾಲು ನಡವಳಿ ಪುಸ್ತಕದಲ್ಲಿ. ಇದು ಅನುಮಾನ ಅಲ್ಲ, ಅವರಿಗೆ ಕೊಡುವ ಮರ್ಯಾದೆ.

ಹದಿನೆಂಟನೇ ಕ್ರಾಸ್
ನಿನ್ನೆ ಸಂಜೆ ಮೇಷ್ಟ್ರ ಮನೆಗೆ ಹೋಗಿದ್ದೆ. ಎಲ್ಲಾ ಓದಿಕೊಂಡೇ ಹೋದೆ.

ಬೈಲಾ ಸಿಕ್ಕಿತು. ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು, ಪಿನ್ ತುಕ್ಕು ಹಿಡಿದು ಮೂಲೆ ಕಂದಾಗಿದೆ. ಅಧ್ಯಕ್ಷರ ಅವಧಿ ಎರಡು ವರ್ಷ ಅಂತ ಅದರಲ್ಲೇ ಇದೆ! ಯಾರೂ ಓದಿಲ್ಲ. ಮೇಷ್ಟ್ರು "ಯಾರೂ ಬರಲಿಲ್ಲ, ನಾನು ಬಿಡಲಿಲ್ಲ" ಅಂದರು. ಕೊನೆಯ ಪಟ್ಟಿ ನೋಂದಣಿ ಕಚೇರಿಗೆ ಹೋಗಿ ತುಂಬಾ ವರ್ಷ ಆಗಿದೆ. ಕೈಯಿಂದ ಹಾಕಿದ ದುಡ್ಡಿನ ಮಾತು ತೆಗೆದೆ. "ಅದೆಲ್ಲಾ ಬಿಡಪ್ಪ" ಅಂದರು. ಅಮ್ಮಾವ್ರು ಅಡುಗೆಮನೆಯಿಂದಲೇ "ಒಂದು ಸಲ ನನ್ನ ಬಳೆ ಅಡವಿಟ್ಟಿದ್ರು, ಅದನ್ನೂ ಬರ್ಕೋ" ಅಂದರು. ನಕ್ಕೆವು, ಆದರೆ ಬರೆದುಕೊಂಡೆ.

ನನ್ನ ಷರತ್ತು ಹೇಳಿದೆ. ಎರಡು ವರ್ಷ ಮಾತ್ರ. ಖಜಾಂಚಿ ಬೇರೆ, ರೈಡ್ ಕ್ಯಾಪ್ಟನ್ ಬೇರೆ. ಹಳೇ ಬಾಕಿ ಕಾಗದ ಸರಿಯಾಗುವವರೆಗೆ ಮೇಷ್ಟ್ರೂ ಕಚೇರಿಗೆ ನನ್ನ ಜೊತೆ ಬರಬೇಕು. ದಾರಿಗಳ ಕೆಲಸ ಅವರದು. ಒಪ್ಪಿದರು. ಹೆಲ್ಮೆಟ್ ಮಾತ್ರ ಒಪ್ಪಲಿಲ್ಲ, ಸಭೆಯಲ್ಲಿ ಮಾತಾಡೋಣ ಅಂದರು. ಮುಂದಿನ ತಿಂಗಳು ಸಭೆ. ನೋಟಿಸ್‌ಗೆ 21 ದಿನ ಬೇಕು ಅಂತ ಬೈಲಾ ಹೇಳುತ್ತದೆ, ಇವತ್ತೇ ಬರೆಯುತ್ತಿದ್ದೇನೆ.

ಲೆಕ್ಕಪತ್ರ
ನೋಟಿಸನ್ನು ವಾಟ್ಸಾಪ್‌ನಲ್ಲಿ ಹಾಕಿ ಸುಮ್ಮನಾಗಬೇಡಿ. ಬೈಲಾ ಆ ಕಾಲದ್ದು, ಅಂಚೆಯಲ್ಲಿ ಅಂತ ಇರಬಹುದು. ಆ ಸಾಲು ನೋಡಿ.

ಹದಿನೆಂಟನೇ ಕ್ರಾಸ್
ನೋಡಿದೆ ಮೇಡಂ. "ಅಂಚೆ ಕಾರ್ಡಿನ ಮೂಲಕ" ಅಂತಲೇ ಇದೆ. ನೂರಕ್ಕೂ ಜಾಸ್ತಿ ಕಾರ್ಡ್!

ಒಳಪೆಡ್ಲು
ವಿಳಾಸ ಬರೆಯುವ ಕೆಲಸ ನನಗೆ ಕೊಡಿ. ಅಕ್ಷರ ಚೆನ್ನಾಗಿದೆ.

ವಿಜಾಪುರದವ
ಹಂಗಾರ ನೀವೂ ಅದೇ ಕ್ಲಬ್ಬಿನವರೇನ್ರೀ?

ಒಳಪೆಡ್ಲು
ಪಟ್ಟಿಯಲ್ಲಿ ಹೆಸರಿದೆ. ಚಂದಾ ಕಟ್ಟಿ ಎಷ್ಟು ವರ್ಷ ಆಯಿತು ಅಂತ ಮಾತ್ರ ಕೇಳಬೇಡಿ.

ಲೆಕ್ಕಪತ್ರ
ಅದು ಖಂಡಿತ ಕೇಳುತ್ತಾರೆ. ಚಂದಾ ಬಾಕಿ ಇರುವವರಿಗೆ ಮತ ಇದೆಯಾ ಇಲ್ಲವಾ ಅಂತ ಬೈಲಾದಲ್ಲಿ ನೋಡಿಕೊಂಡು ಆಮೇಲೆ ಕಾರ್ಡ್ ಕೊಳ್ಳಿ.